ಯೂನಿಯನ್ ಇದ್ದರೆ ವಿದೇಶಿ ಕಂಪನಿ ಬರೋದಿಲ್ವಾ?

ಪ್ರಶ್ನೆ: ನನ್ನ ಮಗ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸಕ್ಕೆ ಹೋಗುತ್ತಾನೆ. ಯೂನಿಯನ್ ಮಾತೆತ್ತಿದರೆ ಸಾಕು, 'ಹಿಂಗಾದ್ರೆ ವಿದೇಶಿ ಕಂಪನಿಗಳು ಈ ಕಡೆ ತಲೆ ಹಾಕಿಯೂ ಮಲಗಲ್ಲ' ಅಂತಾರಂತೆ. ನಿಜವೇ?

ಉತ್ತರ: ಅರ್ಧ ನಿಜ. ಕೆಲಸ ಯಾವತ್ತು ದಿಢೀರನೆ ನಿಲ್ಲುತ್ತದೋ ಎಂಬ ಭಯ ಹಣ ಹೂಡುವವರಿಗೆ ಇದ್ದೇ ಇದೆ. ಆದರೆ ಯೂನಿಯನ್ ಇಲ್ಲದ ಕಡೆ ಆ ಭಯ ಇಲ್ಲ ಅಂದುಕೊಳ್ಳಬೇಡಿ.

ಕೋಲಾರದ ನರಸಾಪುರವನ್ನೇ ನೋಡಿ. ತೈವಾನಿನ ವಿಸ್ಟ್ರಾನ್ ಅಲ್ಲಿ ಐಫೋನ್ ಜೋಡಿಸುತ್ತಿತ್ತು. ಬಹುಪಾಲು ಜನ ಗುತ್ತಿಗೆಯವರು. ಹೇಳಿದಷ್ಟು ಸಂಬಳ ಕೈಗೆ ಬರಲಿಲ್ಲ, ದೂರು ಕೇಳುವವರೂ ಇರಲಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಸಿಟ್ಟಿಗೆದ್ದ ಕಾರ್ಮಿಕರು ಕಾರ್ಖಾನೆಯಲ್ಲಿ ಭಾರಿ ದಾಂಧಲೆ ನಡೆಸಿದರು. ಆಪಲ್ ಹೊಸ ಆರ್ಡರ್ ತಡೆಹಿಡಿಯಿತು. 2023ರಲ್ಲಿ ಘಟಕ ಟಾಟಾ ಪಾಲಾಯಿತು. ಮಾರಾಟಕ್ಕೆ ಅದೊಂದೇ ಕಾರಣ ಅಲ್ಲ ಅನ್ನಿ.

ನರಸಾಪುರದ ಗಲಾಟೆಯ ಹೊತ್ತಿಗೇ ಬಿಡದಿಯ ಟೊಯೋಟಾದಲ್ಲಿ ಯೂನಿಯನ್ ಇತ್ತು, ಮುಷ್ಕರ, ಲಾಕೌಟ್ (ಆಡಳಿತವೇ ಕಾರ್ಖಾನೆಗೆ ಬೀಗ ಹಾಕುವುದು) ತಿಂಗಳುಗಟ್ಟಲೆ ನಡೆದವು. ಆದರೂ 2023ರಲ್ಲಿ ಅಲ್ಲೇ 3,300 ಕೋಟಿ ರೂಪಾಯಿಯ ಹೊಸ ಘಟಕ ಘೋಷಿಸಿದರು. ಬಿಡಿಭಾಗ ಕೊಡುವವರು, ಪಳಗಿದ ಕೈಗಳು ಎಲ್ಲ ಸುತ್ತಲೇ ಇರುವಾಗ ಎದ್ದು ಹೋಗುವುದು ಸುಲಭವಲ್ಲ.

ಹೀಗೆ ಲೆಕ್ಕ ಉದ್ಯಮದಿಂದ ಉದ್ಯಮಕ್ಕೆ ಬದಲಾಗುತ್ತದೆ. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆ ಸುಣ್ಣದಕಲ್ಲು ಬಿಟ್ಟು ಎಲ್ಲಿಗೆ ಹೋದೀತು? ಗಾರ್ಮೆಂಟ್ಸ್ ಹಾಗಲ್ಲ. ದೊಡ್ಡ ಬ್ರ್ಯಾಂಡುಗಳು ಸಾಮಾನ್ಯವಾಗಿ ಕಾರ್ಖಾನೆಯನ್ನೇ ಕಟ್ಟುವುದಿಲ್ಲ, ಆರ್ಡರ್ ಕೊಡುತ್ತವೆ. ಕೂಲಿ ಜಾಸ್ತಿ ಅನ್ನಿಸಿದರೆ ಆರ್ಡರ್ ಬಾಂಗ್ಲಾದೇಶಕ್ಕೆ.

ನಿಮ್ಮ ಹತ್ತಿರದ ಹತ್ತರಗಿಯದ್ದು ಇನ್ನೊಂದು ಕಥೆ. ಅಲ್ಲಿನ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಕೆನಡಾ, ಫ್ರಾನ್ಸ್ ಕಂಪನಿಗಳು ಪಾಲುದಾರರಾಗಿ ಬಂದಿವೆ. ಇಂಥ ಕೆಲಸದಲ್ಲಿ ಆಪರೇಟರ್ ಪಳಗಲು ಬಹಳ ಸಮಯ ಬೇಕು. ಅವನು ಮುನಿಸಿಕೊಂಡು ಬೇರೆ ಕಡೆ ಸೇರಿದರೂ ನಷ್ಟವೇ. ಹಾಗಾಗಿ ಮುಷ್ಕರದಷ್ಟೇ ಚಿಂತೆ ಅದರದ್ದೂ ಇರುತ್ತದೆ.

ಕಾನೂನು? ಮೊದಲು 100 ಕಾರ್ಮಿಕರಿದ್ದ ಕಾರ್ಖಾನೆ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ಹೂಡಿಕೆದಾರರಿಗೆ ಇದು ಹಿಡಿಸುತ್ತದೆ. ಆದರೆ ಗುತ್ತಿಗೆ ಮೇಲೆ ಜನರನ್ನು ಇಟ್ಟುಕೊಂಡು ಬೇಡವಾದಾಗ ಬಿಡುವ ದಾರಿ ಮೊದಲೇ ಇತ್ತಲ್ಲ, ನನಗೇನೋ ಇದರಿಂದ ಭಾರಿ ಬದಲಾವಣೆ ಆಗುವಂತೆ ಕಾಣುವುದಿಲ್ಲ.

ಇನ್ನು ನಿಮ್ಮ ಮಗನ ವಿಷಯ. ಉದ್ಯಮಬಾಗದ ಫೌಂಡ್ರಿಗಳು ಹೆಚ್ಚಾಗಿ ಸ್ಥಳೀಯರವು. ಅಲ್ಲಿಗೆ ಹೊರದೇಶದಿಂದ ಬರುವುದು ಬಂಡವಾಳಕ್ಕಿಂತ ಆರ್ಡರ್. ಆರ್ಡರ್ ಕೊಡುವವರು ಆಡಿಟ್‌ಗೆ ಬಂದರೆ ಓಟಿ (ಹೆಚ್ಚುವರಿ ದುಡಿಮೆ) ರಿಜಿಸ್ಟರ್, ಪಿಎಫ್ ಕಟ್ಟಿದ ರಸೀದಿ, ಕಾರ್ಮಿಕರ ಕಾಲಿನ ಬೂಟು ಎಲ್ಲ ನೋಡುತ್ತಾರೆ. ಇವು ಸರಿಯಿಲ್ಲದಿದ್ದರೂ ಅವರು ಹಿಂಜರಿಯಬಹುದು, ಯೂನಿಯನ್ ಒಂದೇ ಕಾರಣವಲ್ಲ.