ಟ್ಯಾಂಕರ್ ಬಂದ ದಿನವೇ ಸೊಳ್ಳೆಗೆ ಮಳೆಗಾಲ

ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಬಿದ್ದರೆ ಪುಣ್ಯ. ಇಂಥ ಒಣ ಸೀಮೆಗೆ ಡೆಂಗಿ ಯಾಕೆ ಬರಬೇಕು? ಸೊಳ್ಳೆ ಹುಟ್ಟೋಕೆ ನೀರು ಬೇಕಲ್ವಾ? ಬೇಕು. ಆದರೆ ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಕೆರೆ ಕುಂಟೆ ಬೇಕಿಲ್ಲ. ನೀರಿಲ್ಲ ಅಂತ ನಾವು ಕೂಡಿಟ್ಟುಕೊಂಡ ನೀರೇ ಸಾಕು.

ನಲ್ಲಿ ನೀರು ದಿನಾ ಬರದ ಬೀದಿಗೆ ಹೋಗಿ ನೋಡಿ. ಬಾಗಿಲ ಪಕ್ಕ ನೀಲಿ ಡ್ರಮ್ಮು, ಬಚ್ಚಲಲ್ಲಿ ಸಿಮೆಂಟ್ ತೊಟ್ಟಿ, ಅಂಗಳದಡಿ ಸಂಪು, ದನಕ್ಕೆ ಕಲ್ಲುಬಾನಿ. ಎಲ್ಲವೂ ನೆರಳಲ್ಲಿವೆ, ನೀರು ಅಲುಗಾಡುವುದಿಲ್ಲ, ಸೊಳ್ಳೆ ಮರಿ ತಿನ್ನಲು ಮೀನಿಲ್ಲ. ಈಡಿಸ್‌ಗೆ ಇದಕ್ಕಿಂತ ಒಳ್ಳೆ ಜಾಗ ಸಿಗದು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಬಗ್ಗೆ ಬೇರೆ ತಕರಾರು ಏನೇ ಇರಲಿ, ಡೆಂಗಿಗೆ ಕೆರೆಯನ್ನು ದೂರಿ ಉಪಯೋಗವಿಲ್ಲ. ಮೋರಿಯ ಕೊಳಕು ನೀರಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್, ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವ ಸೊಳ್ಳೆ. ಈಡಿಸ್ ಹಗಲಲ್ಲಿ ಕಚ್ಚುತ್ತದೆ, ಬೆಳಗ್ಗೆ ಮತ್ತು ಹೊತ್ತು ಮುಳುಗುವ ಮುಂಚೆ ಜಾಸ್ತಿ. ಕಾಲಿನ ಮೇಲೆ ಬಿಳಿ ಪಟ್ಟಿ ಇರುತ್ತವೆ. ಸಾಮಾನ್ಯವಾಗಿ ಕೆಲವು ನೂರು ಮೀಟರ್ ದಾಟಿ ಹಾರುವುದಿಲ್ಲ. ಅಂದರೆ ನಿಮ್ಮನ್ನು ಕಚ್ಚಿದ್ದು ನಿಮ್ಮ ಬೀದಿಯದೇ ಸೊಳ್ಳೆ.

ಇನ್ನು ಮೊಟ್ಟೆಯ ವಿಷಯ. ಹೆಣ್ಣು ಸೊಳ್ಳೆ ಮೊಟ್ಟೆಯನ್ನು ನೀರಿನೊಳಗೆ ಹಾಕುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೊಟ್ಟಿಯ ಒದ್ದೆ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಒಂದು ಸಲಕ್ಕೆ ಸುಮಾರು ನೂರು. ಅವನ್ನೂ ಒಂದೇ ಕಡೆ ಇಡದೆ ನಾಲ್ಕಾರು ಪಾತ್ರೆಗೆ ಹಂಚಿಬಿಡುತ್ತದೆ. ಇಟ್ಟಾಗ ಬಿಳಿ, ಆಮೇಲೆ ಕಪ್ಪು. ರಾಗಿ ಕಾಳಿಗಿಂತ ಸಣ್ಣ. ಸಿಮೆಂಟಿನ ಒರಟು ಗೋಡೆಯಲ್ಲಿ ಟಾರ್ಚ್ ಬಿಟ್ಟು ಹುಡುಕಿದರೂ ಮಸಿ ಅಂತಲೇ ಅನಿಸುತ್ತದೆ.

ನೀರು ಖರ್ಚಾಗಿ ಗೋಡೆ ಒಣಗಿದರೂ ಈ ಮೊಟ್ಟೆ ಸಾಯುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಇರಬಲ್ಲದು. ಮರಿ ಹೊರಗೆ ಬರಲು ಮೊಟ್ಟೆ ಮುಳುಗಬೇಕು, ಅಷ್ಟೇ. ಬಯಲಲ್ಲಿ ಆ ಕೆಲಸ ಮಳೆಯದು. ನಮ್ಮಲ್ಲಿ ಟ್ಯಾಂಕರ್‌ನದು. ಪೈಪು ಬಿಟ್ಟು ಡ್ರಮ್ಮು ಕಂಠಮಟ್ಟ ತುಂಬಿಸಿದರೆ ಗೋಡೆಯ ಮೊಟ್ಟೆಗಳು ಮುಳುಗುತ್ತವೆ, ಮರಿ ಹೊರಬರುತ್ತದೆ. ಎಲ್ಲವೂ ಒಟ್ಟಿಗೆ ಒಡೆಯುವುದೂ ಇಲ್ಲ. ಕೆಲವು ಮುಂದಿನ ಸಲ ತುಂಬಿಸುವುದನ್ನು ಕಾಯುತ್ತವೆ. ಹಾಗಾಗಿ ಇಲ್ಲಿ ಕಡು ಬೇಸಿಗೆಯಲ್ಲೂ ಸೊಳ್ಳೆಗೆ ಮಳೆಗಾಲ ಬರುತ್ತಲೇ ಇರುತ್ತದೆ.

ಮರಿ ತಲೆಕೆಳಗಾಗಿ ತೂಗುತ್ತಾ, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುತ್ತದೆ. ನಿಮ್ಮ ನೆರಳು ಬಿದ್ದರೆ ಸಾಕು, ಕುಣಿಯುತ್ತಾ ತಳಕ್ಕೆ ಇಳಿಯುತ್ತದೆ. ಮೇಲಿಂದ ಇಣುಕಿ 'ನೀರು ಚೆನ್ನಾಗಿದೆ' ಅನ್ನುವವರಿಗೆ ಕಾಣದೇ ಇರುವುದು ಇದಕ್ಕೇ. ಒಂದೆರಡು ನಿಮಿಷ ಸುಮ್ನೆ ನಿಂತರೆ ಮತ್ತೆ ಮೇಲೆ ಬರುತ್ತವೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಒಡೆದು ಏಳರಿಂದ ಹತ್ತು ದಿನಕ್ಕೆ ಸೊಳ್ಳೆ ಹಾರಿಹೋಗುತ್ತದೆ.

ಅದಕ್ಕೇ 'ವಾರಕ್ಕೊಮ್ಮೆ ನೀರು ಚೆಲ್ಲಿ' ಎಂಬ ಸಲಹೆ. ಲೆಕ್ಕ ಸರಿ. ಆದರೆ ದುಡ್ಡು ಕೊಟ್ಟು ತರಿಸಿದ ನೀರನ್ನು ಯಾರು ಚೆಲ್ಲುತ್ತಾರೆ? ಹಳೇ ನೀರಿನ ಮೇಲೇ ಹೊಸದು ಬೀಳುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಇಟ್ಟಿತು. ದಿನಾ ನಲ್ಲಿ ನೀರು ಕೊಟ್ಟು ಆಮೇಲೆ ದಂಡ ಕೇಳಿದ್ದರೆ ನ್ಯಾಯವಾಗುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ಚೆಲ್ಲುವುದಕ್ಕಿಂತ ಉಜ್ಜುವುದು ಮುಖ್ಯ. ನೀರು ಬರುವ ಹಿಂದಿನ ದಿನ ಡ್ರಮ್ಮು ಹೇಗೂ ತಳ ಕಂಡಿರುತ್ತದೆ. ಆಗ ತೆಂಗಿನ ನಾರು ಹಿಡಿದು ಗೋಡೆಯನ್ನು, ಅದರಲ್ಲೂ ನೀರಿನ ಗೆರೆ ಇದ್ದ ಕಡೆ, ಗಟ್ಟಿಯಾಗಿ ತಿಕ್ಕಬೇಕು. ಉಜ್ಜಿದ ನೀರನ್ನು ಒಣ ನೆಲಕ್ಕೆ ಸುರಿಯಬೇಕು. ಖಾಲಿ ಮಾಡಲಾಗದ ಸಂಪಿಗೆ ಗಪ್ಪಿ ಮೀನು ಬಿಡಬಹುದು. ಇದೇ ಜಿಲ್ಲೆಯ ಕಾಮಸಮುದ್ರದ ಕಡೆ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಸೊಳ್ಳೆಯ ಮರಿಗಳನ್ನು ತಗ್ಗಿಸಿದ್ದುಂಟು.

ಉಳಿದದ್ದು ಮುಚ್ಚಳ. ಬಟ್ಟೆ ಕಟ್ಟುವುದಾದರೆ ಬಿಗಿಯಾಗಿ ಕಟ್ಟಿ, ಸಂದು ಇರಬಾರದು. ಪ್ಲಾಸ್ಟಿಕ್ ಮುಚ್ಚಳ ಗಾಳಿಗೆ ಹಾರುತ್ತದೆ ಅಂತ ಅದನ್ನು ಬೋರಲು ಹಾಕಿ ಮೇಲೊಂದು ಕಲ್ಲು ಹೇರುವವರೇ ಜಾಸ್ತಿ. ಸೆಪ್ಟೆಂಬರ್ ಮಳೆಗೆ ಆ ಮುಚ್ಚಳದ ಗುಂಡಿಯಲ್ಲಿ ಒಂದು ಲೋಟ ನೀರು ನಿಲ್ಲುತ್ತದೆ. ಈಡಿಸ್‌ಗೆ ಅಷ್ಟು ನೀರೂ ಧಾರಾಳ.