ಹಳೆಯ ಜೀಪಿನ ಗಾಲಿ ಸ್ಟಡ್ ತುಂಡಾದಾಗ

ಮಲೆನಾಡಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಹೀಂದ್ರ ಸಿಜೆ-3ಬಿ ಜೀಪೊಂದು ದುರಸ್ತಿಗೆ ಬಂದರೆ, ಎಂಜಿನ್ನಿನ ಸದ್ದು ಕೇಳುವುದಕ್ಕೂ ಮೊದಲು ನಾನು ಅದರ ಎಡಬದಿಯ ಗಾಲಿಗಳ ಬಳಿ ಕುಳಿತು ನಟ್‌ಗಳನ್ನು ಎಣಿಸುತ್ತೇನೆ. ಐದು ಇರಬೇಕಾದಲ್ಲಿ ನಾಲ್ಕು, ಕೆಲವೊಮ್ಮೆ ಮೂರೇ ಇರುತ್ತವೆ. ಬಲಬದಿಯಲ್ಲಿ ಐದಕ್ಕೆ ಐದೂ ಭದ್ರವಾಗಿದ್ದು ಎಡಬದಿಯಲ್ಲಿ ಮಾತ್ರ ಸ್ಟಡ್‌ಗಳು, ಅಂದರೆ ನಟ್ ಕೂರುವ ತಿರುಪುಕಂಬಿಗಳು, ತುಂಡಾಗಿರುವುದು ಕಾಕತಾಳೀಯವಲ್ಲ. ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಈ ಮಾದರಿಗೆ, ಅದರ ಪೂರ್ವಜವಾದ ಯುದ್ಧಕಾಲದ ಜೀಪಿಗಿದ್ದಂತೆಯೇ, ಎಡಗಡೆಯ ಗಾಲಿಗಳಲ್ಲಿ ಎಡ ಥ್ರೆಡ್ಡಿನ, ಅಂದರೆ ನಟ್ಟನ್ನು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ, ಸ್ಟಡ್‌ಗಳಿದ್ದವು. ಅದು ಗೊತ್ತಿಲ್ಲದ ಪಂಕ್ಚರ್ ಅಂಗಡಿಯ ಹುಡುಗ ನಟ್ ಬಿಚ್ಚಲೆಂದು ಪಾನಾಕ್ಕೆ ಪೈಪು ಸಿಕ್ಕಿಸಿ ಎಂದಿನಂತೆ ಎಡಕ್ಕೆ ಎಳೆಯುತ್ತಾನೆ. ನಟ್ ಇನ್ನಷ್ಟು ಬಿಗಿಯಾಗುತ್ತಾ ಹೋಗಿ ಕೊನೆಗೆ ಸ್ಟಡ್ಡೇ ಮುರಿಯುತ್ತದೆ.

ಸೈಕಲ್ಲಿನ ಎಡ ಪೆಡಲಿಗೆ ಎಡ ಥ್ರೆಡ್ ಇರುವುದು ಯಾವ ಕಾರಣಕ್ಕೋ, ಇಲ್ಲಿಯೂ ಅದೇ ಕಾರಣ. ತಿರುಗುವ ಭಾಗದ ಮೇಲೆ ಭಾರವೂ ಸುತ್ತುತ್ತಾ ಬೀಳುವಾಗ, ಸಡಿಲವಾಗಿ ಕುಳಿತ ನಟ್ ತಾನಾಗಿಯೇ ಬಿಚ್ಚಿಕೊಳ್ಳುವ ಒಲವು ತೋರುತ್ತದೆ. ಅದನ್ನು ತಡೆಯಲು ಅಂದಿನ ವಿನ್ಯಾಸಕಾರರು ಎರಡು ಬದಿಗೆ ಎರಡು ಬಗೆಯ ಥ್ರೆಡ್ ಕೊಟ್ಟರು. ನೆನಪಿಡುವುದು ಸುಲಭ: ಜೀಪು ಮುಂದಕ್ಕೆ ಚಲಿಸುವಾಗ ಗಾಲಿ ಯಾವ ದಿಕ್ಕಿಗೆ ಉರುಳುತ್ತದೆಯೋ ಆ ದಿಕ್ಕಿಗೆ ತಿರುಗಿಸಿದರೆ ಬಿಗಿ, ಹಿಂದಕ್ಕೆ ಉರುಳುವ ದಿಕ್ಕಿಗೆ ತಿರುಗಿಸಿದರೆ ಸಡಿಲ. ಎರಡೂ ಬದಿಗೆ ಇದೇ ನಿಯಮ. ಆದರೆ ಹಲವು ದಶಕಗಳಲ್ಲಿ ಹತ್ತಾರು ಕೈ ಬದಲಾದ ವಾಹನದಲ್ಲಿ ಯಾವ ಹಬ್, ಅಂದರೆ ಸ್ಟಡ್‌ಗಳು ಕೂತಿರುವ ಗಾಲಿಯ ನಡುಭಾಗ, ಯಾವ ಬದಿಗೆ ಹೋಗಿದೆಯೋ ಹೇಳಲಾಗದು. ಆದ್ದರಿಂದ ತಂತಿ ಬ್ರಷ್ಷಿನಿಂದ ಸ್ಟಡ್ಡಿನ ತುದಿಯನ್ನು ಉಜ್ಜಿ, ಅಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರ ಒತ್ತಿದೆಯೇ ಎಂದು ನೋಡಿ, ಥ್ರೆಡ್ಡಿನ ಓರೆ ಯಾವ ಕಡೆಗಿದೆ ಎಂದು ಕಣ್ಣಾರೆ ಖಚಿತಪಡಿಸಿಕೊಂಡೇ ಪಾನಾ ಹಿಡಿಯಬೇಕು.

ಜೀಪಿನ ಭಾರವನ್ನು ಸ್ಟಡ್‌ಗಳು ಗೂಟಗಳಂತೆ ಹೊತ್ತಿರುತ್ತವೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಿಜದಲ್ಲಿ ನಟ್ ಬಿಗಿದಾಗ ಸ್ಟಡ್ ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಹಿಗ್ಗಿನ ಸೆಳೆತ ಗಾಲಿಯ ತಗಡನ್ನು ಬ್ರೇಕ್ ಡ್ರಮ್ಮಿಗೆ ಅದುಮಿ ಹಿಡಿಯುತ್ತದೆ. ಭಾರವನ್ನು ಹೊರುವುದು ಆ ಎರಡು ಮುಖಗಳ ನಡುವಿನ ಘರ್ಷಣೆ. ನಟ್ ಸಡಿಲವಾದರೆ ಘರ್ಷಣೆ ಕುಸಿದು, ಪ್ರತಿ ಸುತ್ತಿಗೂ ಸ್ಟಡ್ ಸ್ವಲ್ಪ ಸ್ವಲ್ಪ ಬಾಗಿ ಬಾಗಿ ದಣಿಯುತ್ತದೆ. ತುಂಡಾದ ಮುಖವನ್ನು ಬೆಳಕಿಗೆ ಹಿಡಿದರೆ ಕಥೆ ತಿಳಿಯುತ್ತದೆ. ಕೆರೆಯಂಚಿನ ಅಲೆಯ ಗುರುತಿನಂಥ ನಯವಾದ ಕಮಾನುಗೆರೆಗಳಿದ್ದು ಒಂದು ಮೂಲೆ ಮಾತ್ರ ಒರಟಾಗಿದ್ದರೆ ಅದು ಬಹುದಿನಗಳ ದಣಿವು. ಇಡೀ ಮುಖ ತಿರುಚಿದಂತಿದ್ದರೆ ಅದು ಪೈಪಿನ ಅತಿಬಲ. ಮೊದಲನೆಯ ಬಗೆಯದಾದರೆ ಒಂದನ್ನೇ ಬದಲಿಸಿ ಸುಮ್ಮನಾಗಬಾರದು, ಏಕೆಂದರೆ ಪಕ್ಕದ ಸ್ಟಡ್‌ಗಳೂ ಅಷ್ಟೇ ದಣಿದಿರುತ್ತವೆ. ಆ ಗಾಲಿಯ ಐದನ್ನೂ ಬದಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಡಿಭಾಗ ಕೊಳ್ಳುವಾಗ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ. ಮೂಲ ಸ್ಟಡ್ ಅರ್ಧ ಇಂಚಿನದು, ಅಂದರೆ 12.7 ಮಿಲಿಮೀಟರ್ ದಪ್ಪದ್ದು. ಇಂಚಿಗೆ 20 ಎಳೆಯ ಯುಎನ್ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಎಳೆಯ, ಥ್ರೆಡ್ ಅದರದು. ಎಳೆಯಿಂದ ಎಳೆಗೆ ಅಂತರ 1.27 ಮಿಲಿಮೀಟರ್. ಮೆಟ್ರಿಕ್ 12 ಮಿಲಿಮೀಟರ್ ಸ್ಟಡ್‌ಗಳಲ್ಲಿ 1.25 ಅಂತರದ ಒಂದು ಬಗೆಯುಂಟು. ಅರ್ಧ ಇಂಚಿನ ನಟ್ ಇದರ ಮೇಲೆ ಸಲೀಸಾಗಿ ಕೂರುತ್ತದೆ, ಮತ್ತು ಈ ಸಲೀಸೇ ಅಪಾಯದ ಮೂಲ. ಸ್ಟಡ್ 0.7 ಮಿಲಿಮೀಟರ್ ತೆಳುವಾಗಿರುವುದರಿಂದ ಎಳೆಗಳ ತುದಿಗಳಷ್ಟೇ ಒಂದನ್ನೊಂದು ಕಚ್ಚಿರುತ್ತವೆ. ಕೈಗೆ ಬಿಗಿಯಾದಂತೆ ತೋರಿದ ನಟ್ ಘಾಟಿಯ ತಿರುವಿನಲ್ಲಿ ಥ್ರೆಡ್ಡನ್ನು ಕಿತ್ತುಕೊಂಡು ಹೊರಬರಬಹುದು. ಥ್ರೆಡ್ಡಿನಷ್ಟೇ ಮುಖ್ಯವಾದುದು ತಲೆಯ ಕೆಳಗಿನ ಗೀರುಪಟ್ಟಿಯ, ಅಂದರೆ ನರ್ಲಿಂಗ್‌ನ ವ್ಯಾಸ. ಹಬ್ಬಿನ ತೂತಿಗಿಂತ ಅದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ದೊಡ್ಡದಾಗಿದ್ದರೆ ಮಾತ್ರ ಸ್ಟಡ್ ಕಚ್ಚಿ ನಿಲ್ಲುತ್ತದೆ. ಹಳೆಯ ಸ್ಟಡ್ಡೊಂದನ್ನು ಹಾಳುಮಾಡದೆ ತೆಗೆದು, ಅದರ ಉದ್ದ, ಗೀರುಪಟ್ಟಿಯ ಅಗಲ ಮತ್ತು ವ್ಯಾಸವನ್ನು ಹೊಸದರೊಂದಿಗೆ ಹೋಲಿಸಿ ನೋಡುವುದಕ್ಕಿಂತ ಖಚಿತವಾದ ದಾರಿ ಬೇರೆ ಇಲ್ಲ.

ಈಗ ಬಿಚ್ಚುವ ಕೆಲಸಕ್ಕೆ ಬರೋಣ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಈ ಜೀಪಿನ ಹ್ಯಾಂಡ್‌ಬ್ರೇಕ್ ಗಾಲಿಗಳನ್ನು ಹಿಡಿಯುವುದಿಲ್ಲ. ಅದು ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದೊಡನೆ, ಎರಡು ಗಾಲಿಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಮೂಲಕ ಗಾಳಿಯಲ್ಲಿರುವ ಗಾಲಿ ಒಂದು ಕಡೆಗೆ ತಿರುಗಿ, ನೆಲದ ಮೇಲಿರುವ ಗಾಲಿ ಇನ್ನೊಂದು ಕಡೆಗೆ ಉರುಳಬಲ್ಲದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ, ಗೇರಿನಲ್ಲಿ ನಿಲ್ಲಿಸಿದ್ದರೂ ಜೀಪು ಜಾಕಿನಿಂದ ಜಾರುತ್ತದೆ. ಸಮತಟ್ಟಾದ ಗಟ್ಟಿ ನೆಲ, ನೆಲದ ಮೇಲಿರುವ ಗಾಲಿಗಳ ಹಿಂದೆ ಮುಂದೆ ಮರದ ತಡೆ, ಆಕ್ಸಲ್ಲಿನ ಕೆಳಗೆ ಸ್ಟ್ಯಾಂಡ್: ಇಷ್ಟಿಲ್ಲದೆ ಯಾರೂ ಕೆಲಸ ಆರಂಭಿಸಬಾರದು. ಮನೆಯಂಗಳದ ಇಳಿಜಾರಿನಲ್ಲಿ ಇಟ್ಟಿಗೆ ಜೋಡಿಸಿ ಕೆಲಸ ಮಾಡುವವರನ್ನು ಕಂಡಾಗಲೆಲ್ಲ ನನಗೆ ಎದೆ ನಡುಗುತ್ತದೆ. ಡ್ರಮ್ ತೆರೆದಾಗ ಕಾಣುವ ಧೂಳಿನ ಮೇಲೆ ನೀರು ಚಿಮುಕಿಸಿ ಬಟ್ಟೆಯಿಂದ ಒರೆಸಬೇಕು. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿದ್ದುದರಿಂದ ಗಾಳಿ ಹೊಡೆದು ಹಾರಿಸುವುದು ಶ್ವಾಸಕೋಶಕ್ಕೆ ಕೇಡು.

ಮುಂದಿನ ಹಬ್ ತೆಗೆಯುವುದು ಸರಳ. ಹಬ್ಬಿನ ಹೊರಮುಖಕ್ಕೆ ಬಿಗಿದಿರುವ ಡ್ರೈವ್ ಫ್ಲ್ಯಾಂಜಿನ ಆರು ಬೋಲ್ಟ್ ಬಿಚ್ಚಿ, ಫ್ಲ್ಯಾಂಜ್ ತೆಗೆದು, ಒಳಗಿನ ಎರಡು ದೊಡ್ಡ ನಟ್‌ಗಳನ್ನೂ ಅವುಗಳ ನಡುವಿನ ಲಾಕ್ ವಾಷರನ್ನೂ ಬಿಡಿಸಿದರೆ ಹಬ್ಬು ಡ್ರಮ್ಮಿನ ಸಮೇತ ಕೈಗೆ ಬರುತ್ತದೆ. ಮತ್ತೆ ಕೂರಿಸುವಾಗ ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ಒಳ ನಟ್ಟನ್ನು ಗಾಲಿ ಬಿಗಿದುಕೊಳ್ಳುವ ತನಕ ತಿರುಗಿಸಿ, ಅನಂತರ ಸುಮಾರು ಆರನೆಯ ಒಂದು ಸುತ್ತು ಸಡಿಲಿಸಬೇಕು.

ಹಿಂದಿನದು ಹಾಗಲ್ಲ. ಆ ಹಬ್ ಆಕ್ಸಲ್ಲಿನ ಓರೆಯಾದ, ಅಂದರೆ ಟೇಪರ್ ಇರುವ ತುದಿಯ ಮೇಲೆ ಒಂದು ಕೀಲಿಯೊಂದಿಗೆ ಬಿಗಿದು ಕುಳಿತಿರುತ್ತದೆ, ಮತ್ತು ವರ್ಷಗಳ ಮಳೆ ಕೆಸರು ಅದನ್ನು ಒಂದೇ ಲೋಹವೆಂಬಂತೆ ಬೆಸೆದಿರುತ್ತದೆ. ಅದನ್ನು ಬಿಡಿಸಲು ಗಾಲಿಯ ಸ್ಟಡ್‌ಗಳಿಗೇ ನಟ್ ಹಾಕಿ ಹಿಡಿಸುವ ಗಟ್ಟಿ ಪುಲ್ಲರ್ ಬೇಕು. ಕನಿಷ್ಠ ಮೂರು ಒಳ್ಳೆಯ ಸ್ಟಡ್‌ಗಳಿಲ್ಲದಿದ್ದರೆ ಈ ಕೆಲಸವನ್ನು ಮನೆಯಲ್ಲಿ ಮಾಡಬಾರದು. ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಎಳೆಗಳ ಮೇಲೆ ಉಳಿಸಿಕೊಂಡು, ಪುಲ್ಲರಿನ ತಿರುಪನ್ನು ಬಿಗಿದು, ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಗಿನ ಹೊತ್ತಿಗೆ ತಾನಾಗಿ ಬಿಟ್ಟಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬಿಡುವಾಗ ಗುಂಡು ಹಾರಿದಂಥ ಸದ್ದಿನೊಂದಿಗೆ ಹಬ್ ಮುಂದಕ್ಕೆ ನೆಗೆಯುತ್ತದೆ, ಉಳಿಸಿಕೊಂಡ ಆ ನಟ್ಟೇ ಅದನ್ನು ತಡೆಯುತ್ತದೆ. ಆಕ್ಸಲ್ಲಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಏಟು ಒಳಗಿನ ಬೇರಿಂಗಿಗೆ ಬೀಳುತ್ತದೆ. ಮರುಜೋಡಿಸುವಾಗ ಟೇಪರ್ ಒಣಗಿರಬೇಕು, ಗ್ರೀಸ್ ಬೇಡ. ನಟ್ಟನ್ನು ಕನಿಷ್ಠ 150 ಅಡಿ-ಪೌಂಡ್‌ಗೆ ಬಿಗಿದು, ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು.

ಹಬ್ಬು ಡ್ರಮ್ಮು ಮೇಜಿನ ಮೇಲೆ ಬಂದ ಮೇಲೆ ಎಲ್ಲರೂ ಎಡವುವ ಜಾಗ ಎದುರಾಗುತ್ತದೆ. ಮೂಲ ಜೋಡಣೆಯಲ್ಲಿ ಸ್ಟಡ್ಡನ್ನು ಹಬ್ಬಿನ ಹಿಂದಿನಿಂದ ತೂರಿಸಿ, ಡ್ರಮ್ಮಿನ ಹೊರಮುಖದಲ್ಲಿ ಅದರ ಭುಜವನ್ನು ರಿವೆಟ್ಟಿನಂತೆ ಸುತ್ತಲೂ ಅರಳಿಸಿರುತ್ತಾರೆ. ಈ ಅರಳಿದ ಅಂಚನ್ನು ಗಮನಿಸದೆ ಪ್ರೆಸ್ಸಿನಲ್ಲಿಟ್ಟು ಒತ್ತಿದರೆ, ಇಲ್ಲವೇ ಸುತ್ತಿಗೆಯಿಂದ ಬಡಿದರೆ, ಆ ಅಂಚು ಹಬ್ಬಿನ ತೂತಿನೊಳಗಿಂದ ಉಳುತ್ತಾ ಹೋಗಿ ತೂತನ್ನು ಹಿಗ್ಗಿಸುತ್ತದೆ. ಡ್ರಮ್ ಸಹ ಬಾಗಬಹುದು. ಸ್ಟಡ್ ಅಗ್ಗದ ವಸ್ತು, ಹಬ್ ಹಾಗಲ್ಲ. ಸ್ಟಡ್ಡಿನ ಮೇಲೆ ಕೊಳವೆಯಂತೆ ಕೂರುವ ಟೊಳ್ಳು ಕಟ್ಟರಿನಿಂದ ಅರಳಿದ ಅಂಚನ್ನು ಡ್ರಮ್ಮಿನ ಮುಖದವರೆಗೆ ಮೊದಲು ಕತ್ತರಿಸಬೇಕು. ಆ ಕಟ್ಟರ್ ಇಲ್ಲದವರು ಇದೊಂದು ಕೆಲಸವನ್ನು ಊರಿನ ಲೇತ್ ಅಂಗಡಿಯಲ್ಲಿ ಮಾಡಿಸುವುದು ಒಳ್ಳೆಯದು. ಅಂಚು ಹೋದ ಮೇಲೆ ಹಬ್ಬಿನ ಹಿಂಬದಿಯಲ್ಲಿ ಸ್ಟಡ್ ತಲೆಯ ಸುತ್ತ ದಪ್ಪ ಕೊಳವೆಯ ಆಸರೆ ಕೊಟ್ಟು ಒತ್ತಿದರೆ ಅದು ಕಷ್ಟವಿಲ್ಲದೆ ಹೊರಬರುತ್ತದೆ.

ಹೊಸದನ್ನು ಕೂರಿಸಲು ಹೈಡ್ರಾಲಿಕ್ ಪ್ರೆಸ್ ಉತ್ತಮ. ಅದಿಲ್ಲದಿದ್ದರೆ ಎಣ್ಣೆ ಸವರಿದ ಮೂರು ನಾಲ್ಕು ದಪ್ಪ ವಾಷರ್ ಇಟ್ಟು, ಹಳೆಯ ನಟ್ಟೊಂದನ್ನು ಕೈಪಾನಾದಿಂದ ಬಿಗಿಯುತ್ತಾ ಒಳಗೆಳೆದುಕೊಳ್ಳಬಹುದು. ತಲೆ ಹಬ್ಬಿಗೆ ಸುತ್ತಲೂ ತಾಗಿತೇ ಎಂದು ಹಿಂದಿನಿಂದ ನೋಡಿ, ಆ ನಟ್ಟನ್ನು ಎಸೆದುಬಿಡಬೇಕು. ಇಂಪ್ಯಾಕ್ಟ್ ಗನ್, ಅಂದರೆ ಬಡಿಯುತ್ತಾ ನಟ್ ತಿರುಗಿಸುವ ಯಂತ್ರ, ಇಲ್ಲಿ ಕೂಡದು, ಅದು ಹೊಸ ಸ್ಟಡ್ಡನ್ನು ಹುಟ್ಟುವ ಮೊದಲೇ ದಣಿಸುತ್ತದೆ. ಹಿಗ್ಗಿದ ತೂತಿನಲ್ಲಿ ಸ್ಟಡ್ ಗಿರಗಿರನೆ ತಿರುಗಿದರೆ ಕೆಲವರು ತಲೆಗೆ ವೆಲ್ಡಿಂಗ್ ಚುಕ್ಕೆ ಇಟ್ಟು ಕಳಿಸುತ್ತಾರೆ. ಹದಗೊಳಿಸಿದ ಉಕ್ಕಿಗೆ ಆ ಶಾಖ ತಗುಲಿದರೆ ಪಕ್ಕದ ಭಾಗ ಗಾಜಿನಂತೆ ಪೆಡಸಾಗುತ್ತದೆ. ದೊಡ್ಡ ಗೀರುಪಟ್ಟಿಯ ಸ್ಟಡ್ ಹಾಕಬೇಕು, ಇಲ್ಲವೇ ಹಬ್ಬನ್ನೇ ಬದಲಿಸಬೇಕು. ಮೂರನೆಯ ದಾರಿ ಇಲ್ಲ.

ಎಡ ಥ್ರೆಡ್ಡಿನ ಸ್ಟಡ್ ಸಿಗದಿದ್ದರೆ ಬಲ ಥ್ರೆಡ್ ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ಶಂಕುವಿನಾಕಾರದ ನಟ್ ಗಾಲಿಯ ಕುಳಿಯಲ್ಲಿ ಸರಿಯಾಗಿ ಕೂತು ಬಿಗಿದರೆ ಬಲ ಥ್ರೆಡ್ ಎರಡೂ ಬದಿಯಲ್ಲಿ ನಿಲ್ಲುತ್ತದೆ. ಇಂದಿನ ವಾಹನಗಳು ಬಹುಪಾಲು ಹಾಗೆಯೇ ಓಡುತ್ತಿವೆ. ಪ್ರದರ್ಶನಕ್ಕೆಂದು ಮೂಲರೂಪದಲ್ಲಿ ಉಳಿಸುವ ಜೀಪಿಗೆ ನಾನು ಎಡ ಥ್ರೆಡ್ಡನ್ನೇ ಹುಡುಕಿ ಹಾಕುತ್ತೇನೆ, ತೋಟದಲ್ಲಿ ದಿನವೂ ದುಡಿಯುವುದಕ್ಕೆ ನಾಲ್ಕೂ ಗಾಲಿಗೆ ಬಲ ಥ್ರೆಡ್ ಸಾಕು. ಒಂದೇ ಗಾಲಿಯಲ್ಲಿ ಎರಡನ್ನೂ ಬೆರೆಸುವುದು ಮಾತ್ರ ಎಂದಿಗೂ ಸಲ್ಲದು.

ಗಾಲಿ ಹಾಕುವ ಮೊದಲು ಅದರ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿಲ್ಲವೇ ನೋಡಿ. ಸವೆದಿದ್ದರೆ ಆ ಗಾಲಿಯನ್ನು ಬಳಸಬೇಡಿ. ಡ್ರಮ್ ಮತ್ತು ಗಾಲಿ ತಾಗುವ ಮುಖಗಳಲ್ಲಿ ತುಕ್ಕಾಗಲಿ ದಪ್ಪ ಬಣ್ಣವಾಗಲಿ ಇರಬಾರದು, ಏಕೆಂದರೆ ಬಣ್ಣದ ಪದರ ಅದುಮಿ ತೆಳುವಾದಂತೆ ಸ್ಟಡ್ಡಿನ ಸೆಳೆತವೂ ಇಳಿಯುತ್ತದೆ. ಥ್ರೆಡ್ಡಿಗೆ ಎಣ್ಣೆ ಹಚ್ಚಬೇಡಿ. ಪಾನಾಕ್ಕೆ ಹಾಕುವ ಬಲದ ಬಹುಪಾಲು ಘರ್ಷಣೆಗೇ ಹೋಗಿ ಹತ್ತರಲ್ಲೊಂದು ಪಾಲು ಮಾತ್ರ ಸೆಳೆತವಾಗುವುದರಿಂದ, ಎಣ್ಣೆ ಸೇರಿದರೆ ಅದೇ ಅಳತೆಯಲ್ಲಿ ಸ್ಟಡ್ ಅತಿಯಾಗಿ ಹಿಗ್ಗುತ್ತದೆ. ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ, ಒಂದು ಬಿಟ್ಟು ಒಂದರಂತೆ, ಮೂರು ಹಂತಗಳಲ್ಲಿ ಬಿಗಿಯಬೇಕು. ಅರ್ಧ ಇಂಚಿನ ಈ ಸ್ಟಡ್ಡಿಗೆ ನಾನು ಬಿಗಿತದ ಬಲ ಅಳೆಯುವ ಟಾರ್ಕ್ ಪಾನಾವನ್ನು 70 ಅಡಿ-ಪೌಂಡ್‌ಗೆ, ಅಂದರೆ 95 ನ್ಯೂಟನ್ ಮೀಟರಿಗೆ ಇಟ್ಟುಕೊಳ್ಳುತ್ತೇನೆ. ಗೀರುಪಟ್ಟಿ ಇನ್ನೂ ಸ್ವಲ್ಪ ಒಳಗೆ ಕೂರುವುದರಿಂದ 50 ಕಿಲೋಮೀಟರ್ ಓಡಿದ ಮೇಲೊಮ್ಮೆ, ಮರುವಾರ ಇನ್ನೊಮ್ಮೆ ಬಿಗಿ ನೋಡಬೇಕು.

ಎಡ ಥ್ರೆಡ್ ಉಳಿಸಿಕೊಂಡ ಜೀಪಾದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಎಡಬದಿಯ ಎರಡೂ ಗಾಲಿಗಳ ಮೇಲೆ, ನಟ್‌ಗಳ ಪಕ್ಕದಲ್ಲೇ, ಬಿಚ್ಚುವ ದಿಕ್ಕಿಗೆ ಬಾಣದ ಗುರುತು ಹಾಕಿ ‘ಎಡ ಥ್ರೆಡ್’ ಎಂದು ಬಿಳಿಯ ಬಣ್ಣದಲ್ಲಿ ದೊಡ್ಡದಾಗಿ ಬರೆಯಿರಿ. ಮಳೆಗಾಲದಲ್ಲಿ ಅದು ಮಾಸಿದರೆ ಮತ್ತೆ ಬರೆಯಿರಿ.