ಸೀ ಕೆಡೆಟ್ ಆಫೀಸರ್ ಅಂದ್ರೆ ಯಾರು?

ಅಮೆರಿಕದಲ್ಲಿ ನೇವಲ್ ಸೀ ಕೆಡೆಟ್ ಕೋರ್ ಅಂತ ಒಂದು ಯುವ ಸಂಘಟನೆ ಇದೆ. ಅಲ್ಲಿ ಮಕ್ಕಳನ್ನು ಮುನ್ನಡೆಸುವ ದೊಡ್ಡವರಿಗೆ ಸೀ ಕೆಡೆಟ್ ಆಫೀಸರ್ ಎನ್ನುತ್ತಾರೆ. ನೌಕಾಪಡೆಯದೇ ಮಾದರಿಯ ಯೂನಿಫಾರ್ಮ್, ಹೆಸರಿನ ಹಿಂದೆ ಎನ್‌ಸೈನ್ ಅಂತಲೋ ಲೆಫ್ಟಿನೆಂಟ್ ಅಂತಲೋ ದರ್ಜೆ. ಆದರೆ ಸೋಮವಾರ ಬೆಳಿಗ್ಗೆ ಇವರು ಹೋಗುವುದು ತಮ್ಮ ತಮ್ಮ ಕೆಲಸಕ್ಕೆ. ಯಾರೋ ಟೀಚರ್, ಯಾರೋ ನರ್ಸ್, ಇನ್ಯಾರೋ ಮೆಕ್ಯಾನಿಕ್. ಸೀ ಕೆಡೆಟ್ ಕೆಲಸಕ್ಕೆ ಸಂಬಳ ಇಲ್ಲ, ಯೂನಿಫಾರ್ಮ್ ಖರ್ಚು ಕೂಡ ಬಹುಪಾಲು ಅವರದ್ದೇ.

ಈ ಸಂಘಟನೆ ಶುರುವಾಗಿದ್ದು 1958ರಲ್ಲಿ. ನೌಕಾಪಡೆ ಇಲಾಖೆ ಕೇಳಿಕೊಂಡಿದ್ದರಿಂದ ನೇವಿ ಲೀಗ್ ಎಂಬ ನಾಗರಿಕರ ಸಂಸ್ಥೆ ಇದನ್ನು ಕಟ್ಟಿತು. 1962ರಲ್ಲಿ ಅಮೆರಿಕದ ಸಂಸತ್ತಿನ ಮಾನ್ಯತೆಯೂ ಸಿಕ್ಕಿತು. 13 ವರ್ಷ ತುಂಬಿದವರು ಸೀ ಕೆಡೆಟ್ ಆಗಬಹುದು, ಅವರಿಗಿಂತ ಚಿಕ್ಕವರಿಗೆ ನೇವಿ ಲೀಗ್ ಕೆಡೆಟ್ ಅಂತ ಬೇರೆ ವಿಭಾಗ ಇದೆ. ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ಜಾಗ, ಸೌಲಭ್ಯ ಕೊಟ್ಟು ಬೆಂಬಲಿಸುತ್ತವೆ. ದಿನದಿಂದ ದಿನಕ್ಕೆ ನಡೆಸಿಕೊಂಡು ಹೋಗುವವರು ಮಾತ್ರ ಈ ಸ್ವಯಂಸೇವಕರೇ.

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇವರ ದರ್ಜೆಯ ವಿಷಯದಲ್ಲಿ. ಸೀ ಕೆಡೆಟ್ ಲೆಫ್ಟಿನೆಂಟ್‌ಗೆ ನೌಕಾಪಡೆಯ ಒಬ್ಬ ನಾವಿಕನಿಗೂ ಆದೇಶ ಕೊಡುವ ಅಧಿಕಾರ ಇಲ್ಲ. ಆ ದರ್ಜೆ ಸಂಘಟನೆಯ ಒಳಗೆ ಮಾತ್ರ ನಡೆಯುತ್ತದೆ, ಯೂನಿಫಾರ್ಮ್ ಮೇಲೂ ಸೀ ಕೆಡೆಟ್ ಎಂದು ಗೊತ್ತಾಗುವ ಗುರುತು ಇರುತ್ತದೆ. ನಮ್ಮ ಎನ್‌ಸಿಸಿ ನೋಡಿದವರಿಗೆ ಅಲ್ಲಿ ಕೆಡೆಟ್‌ಗಳನ್ನು ನೋಡಿಕೊಳ್ಳುವ ಎಎನ್‌ಓ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ನೆನಪಾಗಬಹುದು, ಆದರೆ ಅವರು ಸಾಮಾನ್ಯವಾಗಿ ಅದೇ ಶಾಲೆ ಕಾಲೇಜಿನ ಮೇಷ್ಟ್ರು. ಸೀ ಕೆಡೆಟ್ ಯೂನಿಟ್ ಯಾವ ಶಾಲೆಗೂ ಅಂಟಿಕೊಂಡಿರಲೇಬೇಕು ಅಂತಿಲ್ಲ. ಹಾಗಾಗಿ ಡ್ರಿಲ್‌ಗೆ ಜಾಗ ಹುಡುಕುವುದರಿಂದ ಹಿಡಿದು ಖರ್ಚಿಗೆ ದುಡ್ಡು ಹೊಂದಿಸುವ ತನಕ ಎಲ್ಲ ಇವರ ತಲೆ ಮೇಲೆಯೇ.

ಯೂನಿಟ್ಟಿನ ಮುಖ್ಯಸ್ಥರು ಕಮಾಂಡಿಂಗ್ ಆಫೀಸರ್, ಎಲ್ಲರ ಬಾಯಲ್ಲೂ 'ಸಿಓ'. ಹೆಚ್ಚಿನ ಯೂನಿಟ್‌ಗಳಲ್ಲಿ ತಿಂಗಳಿಗೊಂದು ವಾರಾಂತ್ಯ ಡ್ರಿಲ್ ಇರುತ್ತದೆ. ಕವಾಯತು, ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ನೌಕಾಪಡೆಯ ಪಾಠಗಳು. ಹೊರಗಿನವರಿಗೆ ಕಾಣುವುದು ಇಷ್ಟೇ. ಆ ಎರಡು ದಿನದ ಹಿಂದೆ ವಾರಗಟ್ಟಲೆ ಕಾಗದದ ಕೆಲಸ ಇರುತ್ತದೆ: ಪ್ರತಿ ಮಗುವಿನ ವೈದ್ಯಕೀಯ ಫಾರ್ಮ್, ಪೋಷಕರ ಒಪ್ಪಿಗೆ, ಯಾರಿಗೆ ಯಾವ ಅಲರ್ಜಿ, ಯಾರು ಯಾವ ತರಬೇತಿಗೆ ಅರ್ಜಿ ಹಾಕಿದ್ದಾರೆ, ಅವರನ್ನು ಅಲ್ಲಿಗೆ ಮುಟ್ಟಿಸುವುದು ಹೇಗೆ. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಆದರೆ ನನ್ನ ಪ್ರಕಾರ ಈ ಹುದ್ದೆಯ ಜೀವ ಇರುವುದು ಇಲ್ಲೇ.

ರಜೆ ಬಂದಾಗ ಕೆಲಸ ಇನ್ನೂ ಜಾಸ್ತಿ. ಹೊಸ ಕೆಡೆಟ್‌ಗಳು ಮೊದಲು ರಿಕ್ರೂಟ್ ಟ್ರೈನಿಂಗ್ ಮುಗಿಸಬೇಕು. ಅದು ನೌಕಾಪಡೆಯ ಬೂಟ್ ಕ್ಯಾಂಪ್ ಮಾದರಿಯ ಶಿಬಿರ, ಎಷ್ಟೋ ಮಕ್ಕಳು ಮೊದಲ ಸಲ ಮನೆ ಬಿಟ್ಟು ಇರುವುದು ಇಲ್ಲೇ. ಆಮೇಲೆ ಹಾಯಿದೋಣಿ, ಡೈವಿಂಗ್, ವಿಮಾನ, ವೈದ್ಯಕೀಯ ಅಂತ ಬೇರೆ ಬೇರೆ ತರಬೇತಿಗಳು. ಒಂದು ಶಿಬಿರದ ಪೂರ್ತಿ ಜವಾಬ್ದಾರಿ ಹೊರುವವರಿಗೆ 'ಸಿಓಟಿಸಿ' ಎನ್ನುತ್ತಾರೆ. ಹಗಲು ರಾತ್ರಿ ಮಕ್ಕಳ ಜೊತೆಗೇ ಇರುವವರು ಎಸ್ಕಾರ್ಟ್ ಆಫೀಸರ್. ಇದಕ್ಕಾಗಿ ಎಷ್ಟೋ ಜನ ತಮ್ಮ ವರ್ಷದ ರಜೆಯನ್ನೇ ಖರ್ಚು ಮಾಡುತ್ತಾರೆ. ಮನೆ ನೆನಪಾಗಿ ಅಳುವ ಹುಡುಗನ ಪಕ್ಕ ಕೂತು ಸಮಾಧಾನ ಮಾಡುವುದೂ, ಬೆಳಿಗ್ಗೆ ಅದೇ ಹುಡುಗನಿಗೆ ಶೂ ಪಾಲಿಶ್ ಸರಿಯಿಲ್ಲ ಅಂತ ಹೇಳುವುದೂ ಒಬ್ಬರೇ. ಎರಡನ್ನೂ ಸರಿಯಾಗಿ ಮಾಡುವುದು ಸುಲಭ ಅಲ್ಲ, ಅಲ್ವಾ?

ಇದಕ್ಕೆ ಸೇರಲು ಸೇನೆಯ ಅನುಭವ ಬೇಕೇ ಬೇಕು ಅಂತಿಲ್ಲ. ಎಷ್ಟೋ ಜನ ಮೊದಲು ಬರುವುದು ಕೆಡೆಟ್‌ನ ಅಪ್ಪ ಅಥವಾ ಅಮ್ಮನಾಗಿ. ಹಿನ್ನೆಲೆ ಪರಿಶೀಲನೆ ಆಗಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಬೇಕು. ಇವೆರಡರಲ್ಲಿ ಸಡಿಲಿಕೆ ಇರಬಾರದು. ಆಮೇಲೆ ಇನ್‌ಸ್ಟ್ರಕ್ಟರ್ ಆಗಿ ಶುರು ಮಾಡಿ, ಸೇವೆ ಮತ್ತು ತರಬೇತಿ ನೋಡಿಕೊಂಡು ಎನ್‌ಸೈನ್, ಲೆಫ್ಟಿನೆಂಟ್, ಕೊನೆಗೆ ಲೆಫ್ಟಿನೆಂಟ್ ಕಮಾಂಡರ್ ತನಕ ಹೋಗಬಹುದು. ಯೂನಿಫಾರ್ಮ್ ಬೇಡ, ಸುಮ್ನೆ ಕೈಲಾದ ಸಹಾಯ ಮಾಡ್ತೀನಿ ಅನ್ನುವವರಿಗೂ ಅಲ್ಲಿ ಜಾಗ ಇದೆ. ಲೆಕ್ಕ ಬರೆಯುವವರು, ಗಾಡಿ ಓಡಿಸುವವರು ಇಲ್ಲದೆ ಯಾವ ಯೂನಿಟ್ಟೂ ನಡೆಯುವುದಿಲ್ಲ.